ಮೆಟ್ಟಿಲು ಒಂಬತ್ತು ಕಾಣುತ್ತಿದೆ, ನಮ್ಮ ಹೊಯಿಗೆ ಎಲ್ಲಿಗೆ ಹೋಯಿತು?

ತೆಂಕುಮನೆ · ಗುರುವಾರ, ರಾತ್ರಿ 9:10

ಕುಂಬಳೆ-ಉಪ್ಪಳದ ನಡುವೆ ಕಡಲಿಗೆ ತಾಗಿಕೊಂಡು ನಮ್ಮ ಮನೆ. ಜಾಗದ ಪಡು ಬದಿಯಲ್ಲಿ ಹೊಯಿಗೆಗೆ (ಮರಳಿಗೆ) ಇಳಿಯಲು ಅಜ್ಜ ಕಟ್ಟಿಸಿದ ಕೆಂಪುಕಲ್ಲಿನ ಮೆಟ್ಟಿಲು ಉಂಟು. ಒಟ್ಟು ಹನ್ನೊಂದು ಅಂತ ಅಜ್ಜ ಹೇಳುತ್ತಿದ್ದದ್ದು. ಹನ್ನೊಂದನ್ನೂ ಒಟ್ಟಿಗೆ ನಾನಂತೂ ನೋಡಿಲ್ಲ. ಮಕರ ತಿಂಗಳಲ್ಲಿ ಮೂರೋ ನಾಲ್ಕೋ ಕಾಣುವುದು, ಉಳಿದದ್ದೆಲ್ಲ ಹೊಯಿಗೆಯ ಅಡಿಯಲ್ಲಿ. ಮಳೆಗಾಲದ ಆಟಿ ತಿಂಗಳಲ್ಲಿ ಎಂಟು-ಒಂಬತ್ತು ಹೊರಗೆ ಬರುತ್ತದೆ. ಚಿಕ್ಕವರಿದ್ದಾಗ ಅದನ್ನು ಎಣಿಸುವುದೇ ನಮಗೆ ಆಟ. ಕಡಲು ಸಾಲ ತೆಗೆದುಕೊಂಡು ಹೋಗಿದೆ, ದೀಪಾವಳಿ ಕಳೆದ ಮೇಲೆ ವಾಪಸು ಕೊಡುತ್ತದೆ ಅನ್ನುತ್ತಿದ್ದರು ಅಜ್ಜಿ. ಕೊಡುತ್ತಿತ್ತು ಕೂಡ.

ಈ ಸಲ ದೀಪಾವಳಿ ಕಳೆದು ಧನು ತಿಂಗಳು ಬಂತು. ಇವತ್ತು ಸಂಜೆ ಎಣಿಸಿದೆ, ಇನ್ನೂ ಒಂಬತ್ತು. ಹೋದ ವರ್ಷ ಇದೇ ಹೊತ್ತಿಗೆ ಆರು ಇತ್ತು, ಅದರ ಹಿಂದಿನ ವರ್ಷ ಐದು. ಪಕ್ಕದ ಮನೆಯವರು ಈ ಸಲದ ಹುಣ್ಣಿಮೆ ಭರತ ಜೋರು, ಅದಕ್ಕೇ ಅಂತಾರೆ. ನನಗೆ ಹಾಗನಿಸುವುದಿಲ್ಲ. ತಿಳಿದವರು ಸ್ವಲ್ಪ ಹೇಳಿ, ಹೊಯಿಗೆ ತೆಗೆದುಕೊಂಡು ಹೋಗುವುದು ಭರತವಾ, ಅಲೆಯಾ? ಹೋದದ್ದು ಎಲ್ಲಿ ಕೂತುಕೊಳ್ಳುತ್ತದೆ?

ಕುಂಬಳೆ ಪೇಟೆ · 9:14

ಹೋದದ್ದು ಯಾರದ್ದೋ ಟಿಪ್ಪರಿನಲ್ಲಿ ಕೂತುಕೊಂಡಿದೆ ಮಾರಾಯ್ರೆ 😄

ಹಳೇ ಮಾಷ್ಟ್ರು · 9:31

ತಮಾಷೆ ಒಂದು ಬದಿಗಿರಲಿ. ನಾನು ವಿಜ್ಞಾನ ಮಾಷ್ಟ್ರಾಗಿದ್ದವ, ಮೂವತ್ತು ವರ್ಷ ಇದೇ ಕರಾವಳಿಯ ಮಕ್ಕಳಿಗೆ ಪಾಠ ಮಾಡಿದ್ದೇನೆ. ಭರತ-ಇಳಿತ ಚಂದ್ರನದ್ದು, ಸ್ವಲ್ಪ ಸೂರ್ಯನದ್ದೂ ಸೇರುತ್ತದೆ. ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನ ಹೋದ ಹಾಗೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಜಾಸ್ತಿ, ಅಷ್ಟಮಿಯ ಆಚೀಚೆ ಕಡಿಮೆ. ಆದರೆ ಜಾಸ್ತಿ ಅಂದರೂ ಎಷ್ಟು? ಮಂಗಳೂರು-ಕಾಸರಗೋಡು ಕಡೆ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಹತ್ತಿರ ಏರುತ್ತದೆ. ಅಲ್ಲಿ ಭರತವೇ ಯಜಮಾನ. ನಮ್ಮಲ್ಲಿ ಯಜಮಾನಿಕೆ ಅಲೆಯದ್ದು.

ಭರತ ನೀರನ್ನು ಮೇಲೆ ಕೆಳಗೆ ಮಾಡುತ್ತದೆ, ಅಷ್ಟೆ. ಗುದ್ದಲಿ ಹಿಡಿಯುವುದು ಅಲೆ. ಅಲೆ ಜೋರಿರುವ ದಿನ ಭರತವೂ ಏರಿದ್ದರೆ ಗುದ್ದಲಿ ನಿಮ್ಮ ತೆಂಗಿನ ಬುಡಕ್ಕೇ ಬೀಳುತ್ತದೆ. ಅಲೆ ಇಲ್ಲದ ದಿನ ಎಂಥ ಹುಣ್ಣಿಮೆ ಭರತ ಬಂದರೂ ಹೊಯಿಗೆಯನ್ನು ಒದ್ದೆ ಮಾಡಿ ಹೋಗುತ್ತದೆ, ಅಷ್ಟೇ.

ಬೊಂಬಾಯಿ ಭಾವ · 9:40

ಮಾಷ್ಟ್ರೇ, ಒಪ್ಪುವುದಿಲ್ಲ. ಜೂನ್-ಜುಲೈಯಲ್ಲಿ ನೀರು ಕಣ್ಣಿಗೆ ಕಾಣುವ ಹಾಗೆ ಮೇಲೆ ಬರುತ್ತದೆ. ಮನೆ ಅಂಗಳಕ್ಕೆ ಬಂದದ್ದನ್ನು ನಾನೇ ನೋಡಿದ್ದೇನೆ. ಅದು ಭರತ ಅಲ್ಲದೆ ಎಂತ?

ಉಪ್ಪುನೀರು · 9:52

ನಾನು ಸಾಗರ ವಿಜ್ಞಾನ ಓದುತ್ತಿರುವವಳು, ಊರು ಮೊಗ್ರಾಲ್ ಬದಿ. ಬೊಂಬಾಯಿ ಭಾವನವರಿಗೆ ಒಂದು ವಿಷಯ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಕಡಲಿನ ಸರಾಸರಿ ಮಟ್ಟ ನಿಜವಾಗಿ ಕೆಳಗಿರುತ್ತದೆ! ಗಾಳಿ ಮತ್ತು ಪ್ರವಾಹದ ದೆಸೆಯಿಂದ ತೀರದ ಮೇಲ್ನೀರು ದೂರ ಸರಿದು ಅಡಿಯ ತಣ್ಣೀರು ಮೇಲೆ ಬರುತ್ತದೆ. ತಣ್ಣೀರು ಭಾರ, ಹಾಗಾಗಿ ಮಟ್ಟ ಇಳಿಯುತ್ತದೆ. ಮಟ್ಟ ಜಾಸ್ತಿ ಇರುವುದು ಚಳಿಗಾಲದ ಹೊತ್ತಿಗೆ. ಅಂದರೆ ಕಡಲ್ಕೊರೆತ ಆಗುವುದು ಮಟ್ಟ ಕಡಿಮೆ ಇರುವಾಗ. ನಿಮ್ಮ ಅಂಗಳಕ್ಕೆ ಬಂದದ್ದು ಅಲೆ ಒಡೆದು ಮೇಲೆ ನುಗ್ಗಿದ ನೀರು. ಒಂದರ ಹಿಂದೆ ಒಂದು ಒಡೆದಾಗ ನೀರು ದಡದಲ್ಲೇ ರಾಶಿ ಬೀಳುತ್ತದೆ, ಅದಕ್ಕೆ ಕಡಲೇ ಏರಿದ ಹಾಗೆ ಕಾಣುವುದು.

ಜುಲೈಯಲ್ಲಿ ಹೊರಗೆ ಮೂರು-ನಾಲ್ಕು ಮೀಟರಿನ ಅಲೆ ಇದ್ದರೆ ಜನವರಿಯಲ್ಲಿ ಮೀಟರಿನ ಒಳಗೆ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟು. ಈಗ ನೀವೇ ಲೆಕ್ಕ ಹಾಕಿ.

ಬೊಂಬಾಯಿ ಭಾವ · 9:58

ಸರಿ, ಅರ್ಧ ಒಪ್ಪಿದೆ.

ಕುಂಬಳೆ ಪೇಟೆ · 9:59

ಭಾವ ಅರ್ಧ ಒಪ್ಪಿದ್ದು ಇತಿಹಾಸದಲ್ಲೇ ಮೊದಲು.

ಬಲೆ ಮತ್ತು ದೋಣಿ · 10:20

ಪುಸ್ತಕದ ವಿಷಯ ನನಗೆ ಗೊತ್ತಿಲ್ಲ, ನಾನು ದಿನಾ ಕಡಲಿಗೆ ಇಳಿಯುವವ. ಹೊಯಿಗೆ ಎಲ್ಲೂ ಹೋಗುವುದಿಲ್ಲ ಅಣ್ಣ, ಅಲ್ಲೇ ಎದುರು ನೀರಿನ ಅಡಿಯಲ್ಲಿ ಇರುತ್ತದೆ. ಆಟಿ ಕಳೆದು ಸೋಣ ತಿಂಗಳಲ್ಲಿ ದೋಣಿ ಇಳಿಸುವಾಗ ದಡದಿಂದ ಸ್ವಲ್ಪ ಆಚೆ ಒಂದು ದಿಣ್ಣೆ ಸಿಗುತ್ತದೆ. ಇಳಿತದ ಹೊತ್ತಿನಲ್ಲಿ ದೋಣಿಯ ಅಡಿ ಅದಕ್ಕೆ ಉಜ್ಜುತ್ತದೆ. ಅಲ್ಲಿ ತೆರೆ ಒಂದು ಸಲ ಒಡೆಯುತ್ತದೆ, ಮತ್ತೆ ದಡದಲ್ಲಿ ಇನ್ನೊಂದು ಸಲ. ಬಿಳಿ ನೊರೆಯ ಗೆರೆ ಎರಡು ಕಂಡರೆ ದಿಣ್ಣೆ ಉಂಟು ಅಂತ ಲೆಕ್ಕ. ತುಲಾ ತಿಂಗಳು ಕಳೆದ ಮೇಲೆ ಆ ದಿಣ್ಣೆ ಮೆಲ್ಲ ದಡದ ಕಡೆಗೆ ಹತ್ತುತ್ತದೆ. ದಡದಿಂದ ಕೈರಂಪಣಿ ಬಲೆ ಎಳೆಯುವವರಿಗೆ ಅದು ಚೆನ್ನಾಗಿ ಗೊತ್ತುಂಟು, ದಿಣ್ಣೆ ಇದ್ದ ಜಾಗದಲ್ಲಿ ಬಲೆ ಸಿಕ್ಕಿಹಾಕಿಕೊಳ್ಳುತ್ತದೆ.

ತೆಂಕುಮನೆಯಣ್ಣ, ನಿಮ್ಮ ಎದುರು ಈಗ ಗೆರೆ ಎರಡು ಉಂಟಾ ಒಂದಾ? ನಾಳೆ ನೋಡಿ ಹೇಳಿ.

ಉಪ್ಪುನೀರು · 10:34

ಇದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರ್ ಕೂಡ ಹೇಳಿಲ್ಲ. ಅದೇ ದಿಣ್ಣೆ ನಮ್ಮ ಪಾಠದಲ್ಲೂ ಬರುತ್ತದೆ. ಯಾಕೆ ಹೋಗುತ್ತದೆ, ಯಾಕೆ ಬರುತ್ತದೆ ಅಂತ ಸ್ವಲ್ಪ ಸೇರಿಸುತ್ತೇನೆ. ಒಂದು ಸಲ ಬರಿಗಾಲಲ್ಲಿ ನೀರಂಚಿನಲ್ಲಿ ನಿಂತು ನೋಡಿ. ಬೇಸಿಗೆಯ ಅಲೆ ನಿಧಾನ, ಎರಡರ ನಡುವೆ ಸಮಯ ಉಂಟು. ನೀರು ಮೇಲೆ ಬರುವಾಗ ಹೊಯಿಗೆ ಹೊತ್ತುಕೊಂಡು ರಭಸದಲ್ಲಿ ಬರುತ್ತದೆ, ವಾಪಸು ಹೋಗುವಾಗ ಅರ್ಧ ನೀರು ಒಣ ಹೊಯಿಗೆಯೊಳಗೆ ಇಂಗಿ ಹೋಗಿರುತ್ತದೆ. ಹೊರಲು ಬಲ ಇಲ್ಲ, ಹೊಯಿಗೆ ಅಲ್ಲೇ ಉಳಿಯುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ಚಿಟಿಕೆ ಚಿಟಿಕೆ ಸೇರಿ ದಡ ಏರುತ್ತದೆ. ಮಳೆಗಾಲದಲ್ಲಿ ಒಂದು ಅಲೆ ಇಳಿಯುವುದರೊಳಗೆ ಮತ್ತೊಂದು ಬಂದಾಯಿತು. ಹೊಯಿಗೆ ನೀರು ಕುಡಿದು ಕುಡಿದು ಹೊಟ್ಟೆ ತುಂಬಿರುತ್ತದೆ, ಇಂಗುವುದಿಲ್ಲ. ಬಂದ ನೀರೆಲ್ಲ ಕೆಳಗೇ ಎಳೆಯುತ್ತದೆ, ಕಾಲಡಿಯ ಹೊಯಿಗೆ ಜಾರಿದ್ದು ನಿಮಗೇ ಗೊತ್ತಾಗುತ್ತದೆ. ಹಾಗೆ ಹೋದದ್ದು ಹೊರಗಿನ ದಿಣ್ಣೆಯಲ್ಲಿ ಕೂರುತ್ತದೆ. ಆ ದಿಣ್ಣೆಯೇ ಮತ್ತೆ ದೊಡ್ಡ ಅಲೆಗಳನ್ನು ದೂರದಲ್ಲೇ ಒಡೆಸಿ ದಡವನ್ನು ಕಾಯುತ್ತದೆ. ನೀರಿನ ಆಳ ಅಲೆಯ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು, ಸುಮಾರು ಒಂದೂಕಾಲು ಪಟ್ಟಿಗೆ ಬಂದಾಗ ಅಲೆ ಬಗ್ಗಿ ಬೀಳುತ್ತದೆ, ಅದಕ್ಕೇ.

ಬದಿಯಡ್ಕ ಅಡಿಕೆ · 10:41

ನಾವು ಗುಡ್ಡೆಯ ಮೇಲಿನವರು, ನಮಗೆ ಕಡಲೆಂದರೆ ಬೇಕಲ ಕೋಟೆಯಲ್ಲಿ ಐಸ್‌ಕ್ರೀಂ ಮಾತ್ರ. ಆದರೂ ಒಂದು ಪ್ರಶ್ನೆ. ಬೇಕಲದಲ್ಲಿ ಕೋಟೆಯ ಕೆಳಗೆ ಬಂಡೆಗೆ ಅಲೆ ಯಾವಾಗಲೂ ಸಿಟ್ಟಿನಲ್ಲಿ ಹೊಡೆಯುತ್ತದೆ, ಪಕ್ಕದ ಬೀಚಿನಲ್ಲಿ ಮಕ್ಕಳು ಆಡುತ್ತಾರೆ. ಒಂದೇ ಕಡಲು ಅಲ್ವಾ?

ಹಳೇ ಮಾಷ್ಟ್ರು · 10:55

ಒಳ್ಳೆಯ ಪ್ರಶ್ನೆ. ನೀರು ಆಳ ಕಡಿಮೆ ಇದ್ದಲ್ಲಿ ಅಲೆ ನಿಧಾನ ಆಗುತ್ತದೆ. ಕೋಟೆಯ ಮೂತಿ ಕಡಲಿಗೆ ಚಾಚಿದೆ, ಅದರ ಎದುರು ಆಳ ಕಡಿಮೆ. ಅಲೆಯ ಆ ಭಾಗ ತಡವರಿಸುತ್ತದೆ, ಎರಡು ಬದಿಯ ಭಾಗ ಮುಂದೆ ಹೋಗುತ್ತದೆ, ಆಗ ಇಡೀ ಅಲೆಯೇ ಬಾಗಿ ಮೂತಿಯನ್ನು ಸುತ್ತಿಕೊಳ್ಳುತ್ತದೆ. ಶಕ್ತಿಯೆಲ್ಲ ಅಲ್ಲಿಗೆ ಸೇರುತ್ತದೆ. ಪಕ್ಕದ ಕೊಲ್ಲಿಯಲ್ಲಿ ಅದೇ ಶಕ್ತಿ ಹರಡಿ ತೆಳ್ಳಗಾಗುತ್ತದೆ, ಹೊಯಿಗೆ ಅಲ್ಲಿ ಕೂರುತ್ತದೆ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಅಲ್ಲಿ ಕೋಟೆ ಕಟ್ಟಿಸಿದ್ದು ಗಟ್ಟಿ ಮುರಕಲ್ಲಿನ ಮೂತಿ ನೋಡಿಯೇ ಇರಬೇಕು. ಹೊಯಿಗೆಯ ಮೇಲೆ ಕಟ್ಟಿದ್ದರೆ ನಮಗೆ ಸಿನಿಮಾ ಶೂಟಿಂಗಿಗೆ ಜಾಗವೇ ಇರುತ್ತಿರಲಿಲ್ಲ.

ಗಾಳಿಮರದಡಿ · 11:12

ಬೀಚಿನಲ್ಲಿ ಮಕ್ಕಳು ಆಡುವ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ಎರಡು ಬದಿಯಲ್ಲಿ ಅಲೆ ಒಡೆಯುತ್ತಾ ನಡುವೆ ಒಂದು ಕಡೆ ಮಾತ್ರ ಶಾಂತ ಇದ್ದರೆ, ಅಲ್ಲಿ ಅಲೆ ಇಲ್ಲ ಅಂತ ಇಳಿಯಬೇಡಿ. ದಡಕ್ಕೆ ಬಂದ ನೀರೆಲ್ಲ ದಿಣ್ಣೆಯ ನಡುವಿನ ಆ ಸಂದಿನಲ್ಲೇ ಹೊರಗೆ ಹೋಗುವುದು. ಕಲಸಿದ ಬಣ್ಣ ಇರುತ್ತದೆ, ನೊರೆ ಹೊರಗೆ ತೇಲುತ್ತಿರುತ್ತದೆ. ಸಿಕ್ಕಿಬಿದ್ದರೆ ದಡಕ್ಕೆ ನೇರ ಈಜಬೇಡಿ, ಸೋಲುತ್ತೀರಿ. ದಡಕ್ಕೆ ಸಮವಾಗಿ ಅಡ್ಡ ಈಜಿ ಸೆಳೆತದಿಂದ ಹೊರಗೆ ಬಂದು, ಆಮೇಲೆ ಒಳಗೆ. ನಮ್ಮ ಮನೆ ಎದುರು ಪ್ರವಾಸಕ್ಕೆ ಬಂದ ಮೂರು ಹುಡುಗರನ್ನು ನಮ್ಮೆಜಮಾನರು ಟ್ಯೂಬ್ ಎಸೆದು ಎಳೆದಿದ್ದಾರೆ. ಒಂದು ಥ್ಯಾಂಕ್ಸ್ ಹೇಳಿದರು, ಟ್ಯೂಬ್ ವಾಪಸು ಕೊಡಲಿಲ್ಲ.

ಕುಂಬಳೆ ಪೇಟೆ · 11:15

ಟ್ಯೂಬ್ ಕೂಡ ದೀಪಾವಳಿ ಕಳೆದ ಮೇಲೆ ಬರುತ್ತದೆ ಅಕ್ಕ.

ತೆಂಕುಮನೆ · ಶುಕ್ರವಾರ, ಬೆಳಗ್ಗೆ 7:05

ಬಲೆಯಣ್ಣ, ನೋಡಿ ಬಂದೆ. ಇಳಿತದ ಹೊತ್ತು. ನೊರೆ ಗೆರೆ ಒಂದೇ, ಅದೂ ದಡದಲ್ಲೇ. ಆಚೆಗೆ ದಿಣ್ಣೆ ಇರುವ ಸೂಚನೆಯೇ ಇಲ್ಲ. ಇನ್ನೊಂದು ವಿಷಯ, ಒಂಬತ್ತನೇ ಮೆಟ್ಟಿಲಿನ ಬುಡದಲ್ಲಿ ಎರಡು ಬೆರಳು ದಪ್ಪಕ್ಕೆ ಕಪ್ಪು ಹೊಯಿಗೆಯ ಪದರ. ಕೈಯಲ್ಲಿ ಹಿಡಿದರೆ ಭಾರ ಅನಿಸುತ್ತದೆ. ಮಗ ಸ್ಪೀಕರಿನ ಹಳೇ ಅಯಸ್ಕಾಂತ ತಂದು ಹಿಡಿದ, ಅದಕ್ಕೆ ಗಡ್ಡ ಬಂದ ಹಾಗೆ ಅಂಟಿಕೊಂಡಿತು. ಎಣ್ಣೆ ಗಿಣ್ಣೆ ಅಲ್ಲ ತಾನೇ?

ಉಪ್ಪುನೀರು · 7:40

ಎಣ್ಣೆ ಅಲ್ಲ. ಅದು ಭಾರದ ಖನಿಜ, ಇಲ್ಮನೈಟ್, ಮ್ಯಾಗ್ನೆಟೈಟ್ ಹೀಗೆ. ಕೊಲ್ಲಂ ಚವರದಲ್ಲಿ ಅದನ್ನೇ ಗಣಿ ಮಾಡುವುದು. ಬಿಳಿ ಹೊಯಿಗೆ ಹಗುರ, ಅಲೆ ಅದನ್ನು ಸುಲಭದಲ್ಲಿ ಎತ್ತಿಕೊಂಡು ಹೋಗುತ್ತದೆ, ಕಪ್ಪು ಅಲ್ಲೇ ಉಳಿಯುತ್ತದೆ. ಅಕ್ಕಿ ಗೇರಿದ ಹಾಗೆ, ಕಲ್ಲು ಮೊರದಲ್ಲಿ ಉಳಿಯುತ್ತದಲ್ಲ. ಕಪ್ಪು ಪದರ ಕಂಡರೆ ಅಲ್ಲಿಂದ ಹೊಯಿಗೆ ಹೋಗಿದೆ ಅಂತ ಅರ್ಥ ಮಾಡಿಕೊಳ್ಳಬಹುದು. ದಿಣ್ಣೆಯೂ ಇಲ್ಲ ಅಂದರೆ ನನಗೆ ಸ್ವಲ್ಪ ಚಿಂತೆ. ಎದುರಿಗೆ ಹೋದದ್ದು ಎದುರಿನಿಂದ ಬರುತ್ತದೆ, ಬದಿಗೆ ಹೋದದ್ದು ಹಾಗೆ ಸುಲಭದಲ್ಲಿ ಬರುವುದಿಲ್ಲ. ನಿಮ್ಮ ಹತ್ತಿರ ಕಲ್ಲಿನ ಗೋಡೆಯೋ, ಕಡಲಿಗೆ ಚಾಚಿದ ಪುಲಿಮುಟ್ಟು ಕಟ್ಟೆಯೋ ಉಂಟಾ?

ತೆಂಕುಮನೆ · 7:52

ಬಡಗು ಬದಿಯಲ್ಲಿ, ಮನೆಯಿಂದ ಸುಮಾರು ಇನ್ನೂರು ಹೆಜ್ಜೆ ದೂರಕ್ಕೆ ಕಡಲ ಗೋಡೆಯ ಕಲ್ಲು ಹಾಕಿದ್ದಾರೆ. ಎರಡು ವರ್ಷ ಆಯಿತು. ನಮ್ಮ ಕಡೆಗೂ ಬರುತ್ತದೆ ಅಂದಿದ್ದರು, ಬರಲಿಲ್ಲ.

ಬಲೆ ಮತ್ತು ದೋಣಿ · 8:03

ಆಯ್ತಲ್ಲ. ಅಲ್ಲಿಗೆ ಕತೆ ಮುಗಿಯಿತು.

ಬೊಂಬಾಯಿ ಭಾವ · 8:30

ಎಂತ ಮುಗಿಯಿತು? ಕಲ್ಲು ಹಾಕದಿದ್ದರೆ ಆ ಮನೆಗಳು ಈಗ ಇರುತ್ತಿದ್ದವಾ? ಎಲ್ಲರೂ ಕಲ್ಲನ್ನು ಬೈಯುತ್ತೀರಿ, ಮಳೆಗಾಲ ಬಂದ ಕೂಡಲೇ ಕಲ್ಲು ಹಾಕಿ ಅಂತ ರಸ್ತೆ ತಡೆ ಮಾಡುವುದೂ ನಾವೇ.

ಬಲೆ ಮತ್ತು ದೋಣಿ · 8:47

ಭಾವ, ನಾನು ಬೈಯುವುದಿಲ್ಲ. ನನ್ನ ತಂಗಿಯ ಮನೆ ಆ ಕಲ್ಲಿನ ಹಿಂದೆಯೇ ಇರುವುದು, ಅವಳ ಅಡುಗೆಮನೆ ಉಳಿದದ್ದು ಅದರಿಂದ. ಆದರೆ ನಡೆದದ್ದು ಹೇಳುತ್ತೇನೆ. ಮೊದಲು ಅಲ್ಲಿ ಹದಿನೈದು ದೋಣಿ ಸಾಲಾಗಿ ಎಳೆದು ಇಡುತ್ತಿದ್ದೆವು, ಬಲೆ ಒಣಗಿಸುತ್ತಿದ್ದೆವು. ಈಗ ಕಲ್ಲಿನ ಎದುರು ಹೊಯಿಗೆಯೇ ಇಲ್ಲ. ತೆರೆ ಬಂದು ಕಲ್ಲಿಗೆ ಹೊಡೆದು ಹಾಗೇ ವಾಪಸು ತಿರುಗುತ್ತದೆ, ತಿರುಗುವಾಗ ಬುಡ ಕೆರೆದುಕೊಂಡು ಹೋಗುತ್ತದೆ. ಹೊಯಿಗೆಯಾದರೆ ತೆರೆ ಹತ್ತಿ ಹತ್ತಿ ಸುಸ್ತಾಗುತ್ತಿತ್ತು. ಕಲ್ಲು ಮುಗಿಯುವ ತುದಿ ಉಂಟಲ್ಲ, ಅಲ್ಲಿ ಬಿಲ್ಲಿನ ಹಾಗೆ ಬಾಗಿ ಒಳಗೆ ತಿನ್ನುತ್ತದೆ. ತೆಂಕುಮನೆಯಣ್ಣ ಇರುವುದು ಆ ಬಾಗಿನಲ್ಲಿ. ಅವರಿಗೆ ಕಲ್ಲು ಹಾಕಿದರೆ ಅವರ ತೆಂಕು ಬದಿಯವರಿಗೆ ಹೋಗುತ್ತದೆ. ಎಷ್ಟು ದೂರಕ್ಕೆ ಹಾಕುತ್ತಾ ಹೋಗುವುದು?

ಗಲ್ಫ್ ಕಾಸ್ರೋಡಿ · 9:15

ಪುಲಿಮುಟ್ಟಿನ ಕತೆಯೂ ಅದೇ. ಅಳಿವೆ ಮುಚ್ಚಬಾರದು, ಬೋಟು ಹೋಗಬೇಕು ಅಂತ ಎರಡು ಬದಿ ಕಲ್ಲಿನ ಕಟ್ಟೆ ಕಡಲಿಗೆ ಚಾಚುತ್ತಾರೆ. ದಡದುದ್ದಕ್ಕೂ ಹೊಯಿಗೆ ನಡೆಯುತ್ತಾ ಇರುತ್ತದೆ, ಅಲೆ ಓರೆಯಾಗಿ ಬಂದು ನೇರ ಕೆಳಗೆ ಇಳಿಯುವುದರಿಂದ ಪ್ರತಿ ಅಲೆಗೂ ಸ್ವಲ್ಪ ಬದಿಗೆ ಸರಿಯುತ್ತದೆ. ಆ ನಡಿಗೆಗೆ ಅಡ್ಡ ಕಟ್ಟೆ ಬಂದರೆ ಒಂದು ಬದಿ ಮೈದಾನ, ಇನ್ನೊಂದು ಬದಿ ಕೊರೆತ. ನಮ್ಮ ಊರಿನ ಹತ್ತಿರದ ಒಂದು ಅಳಿವೆಯಲ್ಲಿ ಒಂದು ಬದಿ ಈಗ ಹುಡುಗರು ಸೆವೆನ್ಸ್ ಫುಟ್‌ಬಾಲ್ ಆಡುವಷ್ಟು ಹೊಯಿಗೆ. ಇನ್ನೊಂದು ಬದಿಯ ರಸ್ತೆ ಎರಡು ಸಲ ಹೋಯಿತು.

ಬದಿಯಡ್ಕ ಅಡಿಕೆ · 9:22

ಹಾಗಾದರೆ ಮೈದಾನದ ಹೊಯಿಗೆ ತೆಗೆದು ಆಚೆ ಹಾಕಿದರಾಯಿತಲ್ಲ? ಸುಮ್ನೆ ಕೇಳಿದೆ.

ಉಪ್ಪುನೀರು · 9:48

ಸುಮ್ನೆ ಅಲ್ಲ, ಅದು ನಿಜವಾದ ಉಪಾಯ. ಕೆಲವು ದೇಶಗಳಲ್ಲಿ ಹಾಗೇ ಪಂಪಿನಲ್ಲಿ ಆಚೆ ದಾಟಿಸುತ್ತಾರೆ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ 1986ರಿಂದ ನಡೆಯುತ್ತಿದೆ. ಖರ್ಚು ಪ್ರತಿ ವರ್ಷ, ಅದೇ ತೊಂದರೆ. ಉಳ್ಳಾಲದಲ್ಲಿ ಬೇರೆ ದಾರಿ ಹಿಡಿದರು, ಕಡಲೊಳಗೇ ರೀಫ್ ಮಾಡಿ ಅಲೆಯನ್ನು ದೂರದಲ್ಲಿ ಒಡೆಸುವುದು, ಅಂದರೆ ಬಲೆಯಣ್ಣ ಹೇಳಿದ ದಿಣ್ಣೆಯನ್ನೇ ನಾವು ಕಟ್ಟಿದ ಹಾಗೆ. ಎರ್ನಾಕುಳಂ ಚೆಲ್ಲಾನಂನಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್. ಎಲ್ಲ ಕಡೆಗೂ ಒಂದೇ ಮದ್ದು ಆಗುವುದಿಲ್ಲ.

ಇನ್ನೊಂದು ಮರೆಯಬೇಡಿ. ಹೊಯಿಗೆ ಹುಟ್ಟುವುದು ಕಡಲಲ್ಲಿ ಅಲ್ಲ, ಹೆಚ್ಚಿನದ್ದು ಹೊಳೆ ತರುವುದು. ನಮ್ಮ ಚಂದ್ರಗಿರಿಗೆ ಕೊಡಗಿನ ಘಟ್ಟದಿಂದ ಪಯಸ್ವಿನಿ ಹೊತ್ತು ತರುತ್ತದೆ. ಹೊಳೆಯಲ್ಲೇ ಬಾಚಿಬಿಟ್ಟರೆ ಕಡಲಿಗೆ ಎಂತ ಸಿಗುತ್ತದೆ? ಹಾಗೆ ನೋಡಿದರೆ ಕುಂಬಳೆ ಪೇಟೆಯವರು ಮೊದಲೇ ಟಿಪ್ಪರ್ ಅಂದದ್ದು ಪೂರಾ ತಮಾಷೆ ಅಲ್ಲ.

ಕುಂಬಳೆ ಪೇಟೆ · 9:50

ನೋಡಿ, ಇಡೀ ಚರ್ಚೆಯ ಉತ್ತರ ನಾಲ್ಕನೇ ನಿಮಿಷದಲ್ಲೇ ಕೊಟ್ಟಿದ್ದೆ. ಮಾಷ್ಟ್ರೇ ಮಾರ್ಕ್ ಎಷ್ಟು?

ಹಳೇ ಮಾಷ್ಟ್ರು · 10:02

ಹತ್ತರಲ್ಲಿ ಎರಡು. ಹಂತಗಳನ್ನು ಬರೆದಿಲ್ಲ.

ಗಾಳಿಮರದಡಿ · 10:30

ಕಳ್ಳಕ್ಕಡಲ್ ವಿಷಯ ಯಾರೂ ಎತ್ತಲಿಲ್ಲ. ಗಾಳಿ ಇಲ್ಲ, ಮಳೆ ಇಲ್ಲ, ಬಿಸಿಲು ಚೆನ್ನಾಗಿ ಉಂಟು, ಮಧ್ಯಾಹ್ನ ಊಟ ಮಾಡಿ ಮಲಗಿದ್ದೆವು, ಎದ್ದು ನೋಡಿದರೆ ಒಣಗಲು ಹಾಕಿದ ಮೀನು ತೇಲುತ್ತಿದೆ. 2024ರ ಮಾರ್ಚ್ 31ರಂದು ಕೇರಳದ ತುಂಬಾ ಕಡೆ ಹಾಗಾಯಿತಲ್ಲ.

ಉಪ್ಪುನೀರು · 10:58

ಅಕ್ಕ, ಅದು ಕಳ್ಳನ ಹಾಗೆ ಬರುವ ಕಡಲು. ಮಲಯಾಳಿ ಮೀನುಗಾರರ ಮಾತು, 2012ರಲ್ಲಿ ಯುನೆಸ್ಕೋ ಕೂಡ ಅದೇ ಹೆಸರನ್ನು ಒಪ್ಪಿತು. ಆ ಅಲೆ ಹುಟ್ಟುವುದು ಇಲ್ಲಲ್ಲ, ಅಂಟಾರ್ಕ್ಟಿಕಾದ ಬದಿಯ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ. ಲೆಕ್ಕ ಹೀಗೆ, ಎರಡು ಅಲೆಗಳ ನಡುವೆ 15 ಸೆಕೆಂಡ್ ಇದ್ದರೆ ಆ ಅಲೆಯ ಗುಂಪು ಗಂಟೆಗೆ ಸುಮಾರು 42 ಕಿ.ಮೀ. ಬರುತ್ತದೆ, ದಿನಕ್ಕೆ ಸಾವಿರ ಕಿಲೋಮೀಟರ್. ದಾರಿಯಲ್ಲಿ ತಡೆಯಲು ನೆಲವೇ ಇಲ್ಲ. ಒಂದು ವಾರದ ಹಿಂದೆ ಅಲ್ಲಿ ಬೀಸಿದ ಗಾಳಿ ಇವತ್ತು ನಿಮ್ಮ ಮೀನು ತೇಲಿಸುತ್ತದೆ. ಭರತದ ಹೊತ್ತಿಗೆ ಸರಿಯಾಗಿ ಬಂದರೆ ಅಂಗಳಕ್ಕೆ, ಇಳಿತದ ಹೊತ್ತಿಗೆ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಈಗ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ವಾಟ್ಸಾಪಿನಲ್ಲಿ ಬಂದರೆ ಫಾರ್ವರ್ಡ್ ಅಂತ ಅಳಿಸಬೇಡಿ.

ಬೊಂಬಾಯಿ ಭಾವ · 11:06

ಭರತದ ಹೊತ್ತಿಗೆ! ನೋಡಿ, ಭರತವೂ ಬೇಕಾಯಿತು. ಉಳಿದ ಅರ್ಧ ನಾನು ಒಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು.

ಗಲ್ಫ್ ಕಾಸ್ರೋಡಿ · 11:40

ತೆಂಕುಮನೆಯವರೇ, ಮನೆ ಕಡಲಿನಿಂದ ಎಷ್ಟು ದೂರ? 50 ಮೀಟರಿನ ಒಳಗಿರುವ ಮೀನುಗಾರ ಕುಟುಂಬಗಳಿಗೆ ಬೇರೆ ಕಡೆ ಮನೆ ಮಾಡಿಕೊಳ್ಳಲು ಪುನರ್ಗೇಹಂ ಯೋಜನೆಯಲ್ಲಿ 10 ಲಕ್ಷ ಕೊಡುವುದು ಉಂಟು.

ತೆಂಕುಮನೆ · 12:15

ನಾವು ಮೀನುಗಾರರಲ್ಲ, ನಮಗೆ ಅದು ಬರುವುದಿಲ್ಲ. ಬಂದರೂ ಅಮ್ಮ ಹೊರಡುವವರಲ್ಲ. ಬಾವಿ ನೀರು ಎರಡು ವರ್ಷದಿಂದ ಉಪ್ಪು, ಚಾಗೆ ಪಕ್ಕದ ಮನೆಯಿಂದ ತರುತ್ತಾರೆ, ಆದರೂ ಹೊರಡುವುದಿಲ್ಲ. ಗೋಡೆಗೆ ಅರ್ಜಿ ಬರೆದು ಇಟ್ಟಿದ್ದೆ, ಬಲೆಯಣ್ಣ ಬರೆದದ್ದು ಓದಿದ ಮೇಲೆ ಕಳುಹಿಸಲು ಕೈ ಬರುವುದಿಲ್ಲ. ತೆಂಕಿನಲ್ಲಿ ಇರುವುದು ಸ್ವಂತ ಚಿಕ್ಕಪ್ಪನ ಮನೆ.

ಬಲೆ ಮತ್ತು ದೋಣಿ · 12:40

ಅರ್ಜಿ ಹಾಕುವುದಾದರೆ ಇಬ್ಬರೂ ಸೇರಿ ಹಾಕಿ. ಗೋಡೆ ಬೇಕು ಅಂತಲೇ ಬರೆಯಬೇಡಿ, ಮೊದಲು ಬಂದು ಅಳೆಯಲಿ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಎರಡು ಸಲ ಅಳೆಯಲಿ. ಬರುವವರು ಯಾವಾಗಲೂ ಬೇಸಿಗೆಯಲ್ಲಿ ಬರುವುದು, ಆಗ ಹೊಯಿಗೆ ಇರುತ್ತದೆ, ಎಲ್ಲ ಸರಿ ಉಂಟಲ್ಲ ಅಂತ ಬರೆದುಕೊಂಡು ಹೋಗುವುದು. ಮತ್ತೆ ಜಾಗದ ಅಂಚಿನ ಬಳ್ಳಿ ಕೀಳಬೇಡಿ, ಆ ನೇರಳೆ ಹೂ ಬಿಡುವುದು. ಗಾಳಿ ತಂದ ಹೊಯಿಗೆಯನ್ನು ಹಿಡಿದು ಇಡುವುದು ಅದೇ.

ಉಪ್ಪುನೀರು · 12:52

ಮೆಟ್ಟಿಲಿನ ಲೆಕ್ಕ ಎಲ್ಲಾದರೂ ಬರೆದಿಟ್ಟಿದ್ದೀರಾ? ನಿಜವಾಗಿ ಕೇಳುತ್ತಿದ್ದೇನೆ. ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ತೆಂಕುಮನೆ · 1:20

ಅಜ್ಜಿ ಅಕ್ಕಿ ಕೋಣೆಯ ಬಾಗಿಲ ಹಿಂದೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅದು ಹಾಲಿನ ಲೆಕ್ಕ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಹೋಗಿ ನೋಡಿದೆ. ಒಂದೊಂದು ಸಾಲಿನಲ್ಲಿ ಮೂರು, ನಾಲ್ಕು, ಎಂಟು, ಒಂಬತ್ತು. ಹಾಲಿನದ್ದಲ್ಲ.

ಉಪ್ಪುನೀರು · 1:21

ಬಾಗಿಲಿಗೆ ಪೈಂಟ್ ಹೊಡೆಯಬೇಡಿ! ಭಾನುವಾರ ನಾನು ಬರುತ್ತೇನೆ, ಫೋಟೋ ತೆಗೆಯಬೇಕು.

ಕುಂಬಳೆ ಪೇಟೆ · 1:25

ಭಾನುವಾರ ನಾನೂ ಬರುತ್ತೇನೆ. ಬಲೆಯಣ್ಣ, ಬೂತಾಯಿ ಉಂಟಾ?

ಬಲೆ ಮತ್ತು ದೋಣಿ · 1:31

ಬೂತಾಯಿ ಇಲ್ಲ, ಬಂಗುಡೆ ಉಂಟು. ಬೇಗ ಬಂದರೆ ಸಿಗುತ್ತದೆ.

ತೆಂಕುಮನೆ · ಭಾನುವಾರ, ಸಂಜೆ 6:40

ಎಲ್ಲರೂ ಬಂದು ಹೋದರು. ಉಪ್ಪುನೀರು ಬಾಗಿಲಿನ ಫೋಟೋ ತೆಗೆದರು, ಮೆಟ್ಟಿಲಿಗೆ ಪೈಂಟಿನಲ್ಲಿ ನಂಬರ್ ಹಾಕಿಕೊಟ್ಟರು, ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ನೋಡಿ ಬರೆಯಿರಿ ಅಂದಿದ್ದಾರೆ. ಚಿಕ್ಕಪ್ಪನೂ ಇದ್ದರು, ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು. ಇವತ್ತಿನ ಲೆಕ್ಕ: ಎಂಟು, ಒಂಬತ್ತನೆಯದ್ದು ಅರ್ಧ ಮುಚ್ಚಿದೆ.

ಬೊಂಬಾಯಿ ಭಾವ · 6:44

ಎಂಟೂವರೆ ಅಂತ ಬರೆಯಿರಿ.